ಊರ ವರ್ತಮಾನವೂ ದೇಶದ ವರ್ತಮಾನವೂ

(ಮುಖ್ಯೋಪಾಧ್ಯಾಯಿನಿಯವರಿಂದ)

ನಮ್ಮ ಶಾಲೆಯಲ್ಲಿ ಪ್ರತಿದಿನ ಬೆಳಗಿನ ಪ್ರಾರ್ಥನೆಯು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು ಆ ದಿನದ ವರ್ತಮಾನಗಳನ್ನು ಓದುವ ಪದ್ಧತಿಯುಂಟೆಂಬುದು ಇಲ್ಲಿ ಕಲಿತುಹೋದವರೆಲ್ಲರಿಗೂ ತಿಳಿದ ಸಂಗತಿಯೇ. ಕಳೆದ ಮಳೆಗಾಲದಲ್ಲಿ ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಹು ಸ್ಪಷ್ಟವಾದ ದನಿಯಲ್ಲಿ ಐದು ವರ್ತಮಾನಗಳನ್ನು ಓದಿದಳು. ಪಾರ್ಲಿಮೆಂಟಿನಲ್ಲಿ ನಡೆದ ಗದ್ದಲವು ಒಂದು. ಮುಂಬಯಿಯ ಷೇರುಪೇಟೆಯ ಏರಿಳಿತವು ಇನ್ನೊಂದು. ಪರದೇಶದ ಯುದ್ಧದ ಸಂಗತಿಯು ಮೂರನೆಯದು. ಚಿತ್ರನಟಿಯೊಬ್ಬಳ ವಿವಾಹವೂ ಕ್ರಿಕೆಟ್ ಪಂದ್ಯದ ಫಲಿತಾಂಶವೂ ಉಳಿದೆರಡು. ಅವಳು ಓದಿ ಮುಗಿಸಿದಾಗ ನಾವು ಸಭೆಯ ಕಡೆಗೆ ದೃಷ್ಟಿಯಿಟ್ಟು ನೋಡಲಾಗಿ ಹಿಂದಿನ ಎರಡು ಸಾಲುಗಳು ಬರಿದಾಗಿದ್ದವು. ಇಷ್ಟು ಮಂದಿ ಯಾಕೆ ಬರಲಿಲ್ಲವೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಡೆಗೆ ಬಾಗಿಲ ಬಳಿ ನಿಂತಿದ್ದ ನಮ್ಮ ಜವಾನನೇ ಮುಂದೆ ಬಂದು, “ಅಮ್ಮಾ, ಹೊಳೆಯ ಆಚೆಯ ರಸ್ತೆಯ ಮೋರಿ ಕುಸಿದುಹೋಗಿದೆ. ಆ ಕಡೆಯ ಬಸ್ಸು ಬರುವುದಿಲ್ಲ. ಪೇಪರಿನಲ್ಲೂ ಬಂದಿದೆಯಲ್ಲ” ಎಂದನು.

ಪತ್ರಿಕೆಯನ್ನು ತರಿಸಿ ನೋಡಿದೆವು. ನಮ್ಮ ಜಿಲ್ಲೆಯ ಪತ್ರಿಕೆಯ ಒಳಪುಟದಲ್ಲಿ, ಒಂದು ಬಟ್ಟೆಯಂಗಡಿಯ ಜಾಹೀರಾತಿನ ಕೆಳಗೆ, ಏಳೆಂಟು ಸಾಲುಗಳಲ್ಲಿ ಆ ಸುದ್ದಿಯು ಇದ್ದಿತು. ಓದಿದ ಹುಡುಗಿಯನ್ನು ಕರೆದು, “ಇದನ್ನೇಕೆ ಓದಲಿಲ್ಲ ಮಗಳೇ?” ಎಂದು ಕೇಳಿದೆವು. ಅವಳು ಯಾವ ಅಳುಕೂ ಇಲ್ಲದೆ, “ಅದು ಬರೇ ಲೋಕಲ್ ಸುದ್ದಿ ಟೀಚರ್” ಎಂದು ಉತ್ತರ ಕೊಟ್ಟಳು.

ಆ ಉತ್ತರವು ನಮ್ಮ ಮನಸ್ಸಿನಲ್ಲಿ ಬಹುದಿನ ಉಳಿಯಿತು. ಅದರಲ್ಲಿ ಆ ಮಗುವಿನ ತಪ್ಪೇನೂ ಇಲ್ಲ. ವರ್ತಮಾನವೆಂದರೆ ದೂರದಲ್ಲಿ ನಡೆದದ್ದು, ದೊಡ್ಡವರಿಗೆ ಸಂಬಂಧಪಟ್ಟದ್ದು ಎಂದು ನಾವೇ ಅವಳಿಗೆ ಕಲಿಸಿದ್ದೇವೆ. ಬಾಯಿಂದ ಹೇಳಿ ಕಲಿಸದಿದ್ದರೂ ರೂಢಿಯಿಂದ ಕಲಿಸಿದ್ದೇವೆ. ಇದಾದ ಕೆಲವೇ ದಿನಗಳಲ್ಲಿ ಶಾಲೆಯ ಆಡಳಿತ ಸಮಿತಿಯಲ್ಲಿ ಒಂದು ಸೂಚನೆಯು ಬಂತು. ವಾಚನಾಲಯಕ್ಕೆ ಬರುವ ಎರಡು ಪತ್ರಿಕೆಗಳಲ್ಲಿ ಒಂದರ ಚಂದಾವನ್ನು ನಿಲ್ಲಿಸಿ ಖರ್ಚು ಉಳಿಸಬಹುದಲ್ಲವೇ? ಒಂದು ದೇಶವೆಲ್ಲ ಓದುವ ಇಂಗ್ಲಿಷ್ ಪತ್ರಿಕೆ, ಇನ್ನೊಂದು ಜಿಲ್ಲೆಯ ಕನ್ನಡ ಪತ್ರಿಕೆ. ಊರಿನ ಸುದ್ದಿಯು ಹೇಗೂ ಮೊಬೈಲಿನಲ್ಲಿ ಬರುತ್ತದೆಯಾದ್ದರಿಂದ ಎರಡನೆಯದನ್ನು ಬಿಡಬಹುದೆಂದು ಹಲವರ ಅಭಿಪ್ರಾಯವಾಗಿತ್ತು. ಈ ಸ್ಮರಣ ಸಂಚಿಕೆಗಾಗಿ ಏನಾದರೂ ಬರೆಯಬೇಕೆಂದು ಸಂಪಾದಕಮಂಡಳಿಯವರು ಕೇಳಿದಾಗ ಈ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಕನ್ನಡದ ಮೊತ್ತಮೊದಲನೆಯ ವರ್ತಮಾನಪತ್ರವು ಮಂಗಳೂರಿನಲ್ಲಿ ಹುಟ್ಟಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಪಾಠದಲ್ಲಿ ಓದಿದ್ದಾರೆ. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಪಂಡಿತರು 1843ನೆಯ ಇಸವಿ ಜುಲೈ 1ನೆಯ ತಾರೀಖಿನಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಗಳಿಗೊಮ್ಮೆ ಹೊರಡಿಸುತ್ತಿದ್ದ ಆ ಪತ್ರಿಕೆಯು ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿತು. ಇಂದಿಗೂ ನಮ್ಮ ನಾಡಿನಲ್ಲಿ ಜುಲೈ 1ನೆಯ ತಾರೀಖನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣದಿಂದ. ಆದರೆ ನಾವು ಈಗ ಗಮನಿಸತಕ್ಕ ವಿಷಯವು ಬೇರೊಂದಿದೆ. ಆ ಚಿಕ್ಕ ಪತ್ರಿಕೆಯಲ್ಲಿ ಊರ ವರ್ತಮಾನಕ್ಕೆ ಒಂದು ಸ್ಥಳವಿತ್ತು. ಸರಕಾರದ ನಿರೂಪಗಳಿಗೆ ಒಂದು ಸ್ಥಳವಿತ್ತು. ಸರ್ವರಾಜ್ಯಗಳ ವರ್ತಮಾನಕ್ಕೂ ಒಂದು ಸ್ಥಳವಿತ್ತು. ಹಾಡು, ಕಥೆ, ಬುದ್ಧಿಮಾತುಗಳೂ ಇದ್ದವು. ಊರನ್ನೂ ಲೋಕವನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಇಟ್ಟವರು ಆ ಹಿರಿಯರು. ಇವೆರಡರಲ್ಲಿ ಯಾವುದನ್ನು ಬಿಡಬಹುದೆಂಬ ಪ್ರಶ್ನೆಯು ಅವರಿಗೆ ಹುಟ್ಟಲೇ ಇಲ್ಲ.

ತರುವಾಯದ ಕಾಲದಲ್ಲಿ ಇವೆರಡೂ ಬೇರೆಬೇರೆ ದಾರಿ ಹಿಡಿದವು. ಮದ್ರಾಸಿನಲ್ಲಿ 1878ರಲ್ಲಿ ಹುಟ್ಟಿದ ‘ದಿ ಹಿಂದು’ವಿನಂತಹ ಪತ್ರಿಕೆಗಳು ಇಡೀ ದೇಶದ ವಿಚಾರವನ್ನು ಎತ್ತಿಕೊಂಡವು. ಸ್ವಾತಂತ್ರ್ಯದ ಚಳವಳಿಯ ದಿನಗಳಲ್ಲಿ ದೇಶದ ವರ್ತಮಾನವೇ ಜನರ ಪ್ರಾಣವಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಸ್ವಾತಂತ್ರ್ಯ ಬಂದ 1947ನೆಯ ವರ್ಷದಲ್ಲಿಯೇ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ಎಂಬ ವಾರ್ತಾಸಂಸ್ಥೆಯು ಸ್ಥಾಪಿತವಾಗಿ, 1949ರಲ್ಲಿ ಕೆಲಸವನ್ನಾರಂಭಿಸಿತು. ಅಂದಿನಿಂದ ದೆಹಲಿಯಲ್ಲಿ ಬರೆದ ಒಂದೇ ಸುದ್ದಿಯನ್ನು ಧಾರವಾಡದಲ್ಲಿಯೂ ಕಟಕದಲ್ಲಿಯೂ ಒಂದೇ ದಿನ ಓದುವಂತಾಯಿತು. 1982ನೆಯ ಆಗಸ್ಟ್ 15ರಿಂದ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮವು ಉಪಗ್ರಹದ ಮೂಲಕ ಮನೆಮನೆಗೆ ಬಂತು. ಆಮೇಲೆ ಹಗಲಿರುಳೂ ಸುದ್ದಿಯನ್ನೇ ಹೇಳುವ ಖಾಸಗಿ ವಾಹಿನಿಗಳು ಬಂದವು. ಈಗ ಅಂಗೈಯಲ್ಲಿಯೇ ಎಲ್ಲವೂ ಬರುತ್ತದೆ. ಹೀಗೆ ದೂರದ ದನಿಯು ಹತ್ತಿರವಾದಂತೆಲ್ಲ ಹತ್ತಿರದ ದನಿಯು ಕ್ಷೀಣವಾಯಿತು.

ಇವೆರಡಕ್ಕೂ ಇರುವ ಭೇದವೇನು? ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂದಿಷ್ಟೇ ಹೇಳಿದರೆ ಸಾಲದು. ದೇಶವೆಲ್ಲ ಓದತಕ್ಕ ಪತ್ರಿಕೆಯು ಬಂಗಾಳದವನಿಗೂ ಪಂಜಾಬಿನವನಿಗೂ ಕನ್ನಡಿಗನಿಗೂ ಸಮಾನವಾಗಿ ರುಚಿಸುವಂಥದನ್ನೇ ಆರಿಸಬೇಕಾಗುತ್ತದೆ. ಆದಕಾರಣ ಅದು ರಾಜಧಾನಿಯ ರಾಜಕಾರಣ, ಮಹಾನಗರಗಳ ವ್ಯವಹಾರ, ಆಟ, ಚಲಚ್ಚಿತ್ರ ಇವುಗಳ ಕಡೆಗೆ ಸಹಜವಾಗಿಯೇ ವಾಲುತ್ತದೆ. ಒಂದು ಹಳ್ಳಿಯ ಕಷ್ಟವು ಅದರ ಕಣ್ಣಿಗೆ ಬೀಳಬೇಕಾದರೆ ಆ ಕಷ್ಟವು ಬಹಳ ದೊಡ್ಡದಾಗಿ ಬೆಳೆಯಬೇಕು. ಸತ್ತವರ ಎಣಿಕೆಯು ಏರಬೇಕು. ಊರಿನ ಪತ್ರಿಕೆಯ ರೀತಿ ಬೇರೆ. ಅದರ ಬಾತ್ಮೀದಾರನು ಅನೇಕ ವೇಳೆ ಅಂಗಡಿಯನ್ನೋ ತೋಟವನ್ನೋ ನೋಡಿಕೊಂಡು, ಬಿಡುವಿನ ಹೊತ್ತಿನಲ್ಲಿ ಅಲ್ಪ ಸಂಭಾವನೆಗಾಗಿ ಬರೆಯುವವನು. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಆಸ್ಪತ್ರೆಯಲ್ಲಿ ಹೆರಿಗೆಯ ವೈದ್ಯರಿದ್ದಾರೋ ಇಲ್ಲವೋ, ಯಾವ ರಸ್ತೆ ಕೆಟ್ಟಿದೆ, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು ಎಂಬುದೇ ಅವನ ಸುದ್ದಿ. ಓದುವವನಿಗೆ ಅವನ ಗುರುತುಂಟು. ತಪ್ಪು ಬರೆದರೆ ಮರುದಿನ ಸಂತೆಯಲ್ಲಿ ಅವನನ್ನು ನಿಲ್ಲಿಸಿ ಕೇಳುವವರೂ ಉಂಟು.

2018ನೆಯ ಆಗಸ್ಟ್ ತಿಂಗಳನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರು ಮರೆತಿರಲಾರರು. ಆಗ ಕೇರಳದಲ್ಲಿ ಮಹಾಪ್ರವಾಹ ಬಂದು ನಾನೂರಕ್ಕೂ ಹೆಚ್ಚು ಜನರು ಪ್ರಾಣ ನೀಗಿದರು. ದೇಶದ ವಾಹಿನಿಗಳೆಲ್ಲ ಅತ್ತ ನೋಡಿದ್ದು ನ್ಯಾಯವೇ. ಆದರೆ ಅದೇ ವಾರದಲ್ಲಿ, ಅದೇ ಮಳೆಗೆ, ಕೊಡಗಿನ ಬೆಟ್ಟಗಳು ಜರಿದು ಬಿದ್ದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮುಂತಾದ ಕಡೆ ಮನೆಗಳೂ ತೋಟಗಳೂ ಮಣ್ಣಿನಡಿಯಲ್ಲಿ ಸೇರಿದವು. ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುವ ಹೆದ್ದಾರಿಯು ಕಡಿದುಹೋಯಿತು. ಸಾವಿರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. ದೇಶದ ಸುದ್ದಿಯಲ್ಲಿ ಇದಕ್ಕೆ ಸಿಕ್ಕಿದ ಸ್ಥಳವು ಬಹು ಸ್ವಲ್ಪ. ಆಗ ಕೊಡಗಿನ ಒಬ್ಬ ತಾಯಿಗೆ ತಿಳಿಯಬೇಕಾಗಿದ್ದದ್ದು ಏನು? ತನ್ನ ಮಗಳ ಊರಿಗೆ ದಾರಿ ಇದೆಯೇ, ಅಲ್ಲಿಯವರನ್ನು ಯಾವ ಕೇಂದ್ರಕ್ಕೆ ಸೇರಿಸಿದ್ದಾರೆ, ಕಂಬಳಿ, ಔಷಧಗಳನ್ನು ಎಲ್ಲಿಗೆ ಕಳುಹಿಸಬೇಕು ಎಂಬುದು. ಇದು ದೆಹಲಿಯಿಂದ ತಿಳಿಯತಕ್ಕದ್ದಲ್ಲ. 1957ರಿಂದ ಮಡಿಕೇರಿಯಲ್ಲಿ ನಡೆದುಬಂದ ‘ಶಕ್ತಿ’ಯಂತಹ ಜಿಲ್ಲೆಯ ದಿನಪತ್ರಿಕೆಗಳು ಯಾಕೆ ಬೇಕೆಂಬುದಕ್ಕೆ ಇಂತಹ ದಿನಗಳೇ ಉತ್ತರ.

ಇನ್ನೊಂದು ಉದಾಹರಣೆಯು ನಮ್ಮ ಕರಾವಳಿಯದೇ. 2024ನೆಯ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯ ಮೇಲೆಯೂ ಗಂಗಾವಳಿ ಹೊಳೆಯಲ್ಲಿಯೂ ಬಿತ್ತು. ರಸ್ತೆಯ ಬದಿಯಲ್ಲಿ ಚಹದ ಅಂಗಡಿಯಿಟ್ಟಿದ್ದ ಒಂದು ಸಂಸಾರವೂ ಅದಕ್ಕೆ ಬಲಿಯಾಯಿತು. ಆ ಮಣ್ಣಿನಲ್ಲಿ ಸಿಕ್ಕಿದವರಲ್ಲಿ ಕೇರಳದ ಒಬ್ಬ ಲಾರಿಯ ಚಾಲಕನಿದ್ದನು. ಮಲಯಾಳದ ವಾಹಿನಿಗಳವರು ಅಲ್ಲಿಗೆ ಬಂದು ಬಿಡಾರ ಹೂಡಿ, ಮಳೆಯಲ್ಲಿ ನೆನೆಯುತ್ತ, ಹುಡುಕಾಟವು ಎಲ್ಲಿಗೆ ಬಂತೆಂದು ದಿನದಿನವೂ ಕೇಳಿದರು. ಕಡೆಗೆ ಸೆಪ್ಟೆಂಬರ್ 25ರಂದು ಆ ಲಾರಿಯನ್ನು ಹೊಳೆಯಿಂದ ಮೇಲಕ್ಕೆತ್ತಿದರು. ಪರಊರಿನವರಿಗೆ ಇಷ್ಟು ಆಸಕ್ತಿ ಯಾಕೆಂದು ಆಗ ಕೆಲವರು ಆಶ್ಚರ್ಯಪಟ್ಟರು. ನಮಗೆ ತೋರುವುದೇನಂದರೆ, ಅವರ ಪಾಲಿಗೆ ಅದು ಪರಊರಿನ ಸುದ್ದಿಯಾಗಿರಲಿಲ್ಲ, ತಮ್ಮವನೊಬ್ಬನ ಸುದ್ದಿಯಾಗಿತ್ತು. ಸುದ್ದಿಯು ಊರಿನದೋ ದೂರದ್ದೋ ಎಂಬುದನ್ನು ಹರದಾರಿಗಳಿಂದ ಅಳೆಯಲಾಗದು. ನಡೆದದ್ದಕ್ಕೆ ತಾನೂ ಹೊಣೆಯೆಂದು ಎಣಿಸುವವರು ಯಾರಿದ್ದಾರೋ ಅವರಿಗೆ ಅದು ಊರ ಸುದ್ದಿ. ಸುಮ್ಮನೆ ನೋಡಿ ಮುಂದೆ ಹೋಗುವವರಿಗೆ ನೆರೆಮನೆಯ ಸಂಗತಿಯೂ ದೂರದ್ದೇ.

ನಮ್ಮ ಅಭಿಪ್ರಾಯದ ತಿರುಳು ಇಷ್ಟೇ. ದೇಶದ ವರ್ತಮಾನವು ನಮ್ಮನ್ನು ಬಹುಮಟ್ಟಿಗೆ ನೋಡುವವರನ್ನಾಗಿ ಮಾಡುತ್ತದೆ. ಊರ ವರ್ತಮಾನವು ಉತ್ತರ ಕೊಡಬೇಕಾದವರನ್ನಾಗಿ ಮಾಡುತ್ತದೆ. ಪಾರ್ಲಿಮೆಂಟಿನ ಗದ್ದಲವನ್ನು ಓದಿದ ಹದಿನಾಲ್ಕು ವಯಸ್ಸಿನ ಹುಡುಗಿಯು ಮಾಡಬಹುದಾದದ್ದು ಅತ್ಯಲ್ಪ. ಮೋರಿಯ ಕುಸಿತವನ್ನು ಓದಿದವಳು ಹೋಗಿ ನೋಡಬಹುದು, ಎಣಿಸಬಹುದು, ಕೇಳಬಹುದು, ಬರೆಯಬಹುದು.

ಊರಿನ ಚಿಕ್ಕ ಪತ್ರಿಕೆಯಿಂದ ಏನಾದೀತೆಂದು ಹಗುರಾಗಿ ಎಣಿಸುವವರು ಹರಿಯಾಣದ ಸಿರ್ಸಾ ಎಂಬ ಊರಿನ ಕಥೆಯನ್ನು ತಿಳಿಯಬೇಕು. ಅಲ್ಲಿ ರಾಮಚಂದ್ರ ಛತ್ರಪತಿ ಎಂಬವರು ‘ಪೂರಾ ಸಚ್’ ಎಂಬ ಒಂದು ಚಿಕ್ಕ ಪತ್ರಿಕೆಯನ್ನು ನಡೆಸುತ್ತಿದ್ದರು. ಆ ಪ್ರಾಂತದಲ್ಲಿ ಬಹು ಪ್ರಬಲವಾಗಿದ್ದ ಒಂದು ಆಶ್ರಮದೊಳಗೆ ಸ್ತ್ರೀಯರ ಮಾನಕ್ಕೆ ಹಾನಿಯಾಗುತ್ತಿದೆಯೆಂದು ಹೆಸರಿಲ್ಲದ ಒಬ್ಬ ಸಾಧ್ವಿಯು ಬರೆದ ಪತ್ರವನ್ನು 2002ನೆಯ ಇಸವಿಯಲ್ಲಿ ಅವರು ಅಚ್ಚುಹಾಕಿದರು. ಅದೇ ವರ್ಷ ಅವರ ಮನೆಯ ಬಾಗಿಲಿನಲ್ಲಿಯೇ ಅವರಿಗೆ ಗುಂಡಿಕ್ಕಲಾಯಿತು. ಕೆಲವು ವಾರಗಳ ಮೇಲೆ ಅವರು ತೀರಿಕೊಂಡರು. ಆ ಪತ್ರದಿಂದ ಆರಂಭವಾದ ವಿಚಾರಣೆಯು ಹದಿನೈದು ವರ್ಷ ನಡೆದು, 2017ರಲ್ಲಿ ನ್ಯಾಯಾಲಯವು ಆಶ್ರಮದ ಮುಖ್ಯಸ್ಥನನ್ನು ಅತ್ಯಾಚಾರದ ಅಪರಾಧಿಯೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು. ಆ ದಿನ ದೇಶದ ಎಲ್ಲ ವಾಹಿನಿಗಳೂ ಅಲ್ಲಿಗೆ ಧಾವಿಸಿದವು. ಆದರೆ ಮೊದಲನೆಯ ದೀಪವನ್ನು ಹಚ್ಚಿದವನು ಒಂದು ಸಣ್ಣ ಊರಿನ ಪತ್ರಕರ್ತನು. ಆ ಪತ್ರವನ್ನು ಬರೆದವಳು ಒಬ್ಬ ಹೆಣ್ಣುಮಗಳು.

ಅದೇ 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ ‘ಖಬರ್ ಲಹರಿಯಾ’ ಎಂಬ ಪತ್ರಿಕೆಯು ಹುಟ್ಟಿತು. ಹಳ್ಳಿಯ ಹೆಂಗಸರು, ಅವರಲ್ಲಿ ಅನೇಕರು ದಲಿತ ಸ್ತ್ರೀಯರು, ಬುಂದೇಲಿ ಎಂಬ ತಮ್ಮ ಆಡುಮಾತಿನಲ್ಲಿಯೇ ತಮ್ಮ ಸೀಮೆಯ ಸಂಗತಿಗಳನ್ನು ಬರೆದು, ತಾವೇ ಹೊತ್ತುಕೊಂಡು ಹೋಗಿ ಮಾರಿದರು. ಮುಂದೆ ಮೊಬೈಲಿನಲ್ಲಿ ಚಿತ್ರ ಹಿಡಿದು ಸುದ್ದಿ ಹೇಳುವುದನ್ನೂ ಕಲಿತರು. ಅವರನ್ನು ಕುರಿತ ಸಾಕ್ಷ್ಯಚಿತ್ರವೊಂದು 2022ರಲ್ಲಿ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೆ ನಾಮನಿರ್ದೇಶನ ಹೊಂದಿತು. ಕೈಪಂಪಿನ ನೀರು, ಪಡಿತರದ ಅಕ್ಕಿ, ಠಾಣೆಯಲ್ಲಿ ಬರೆದುಕೊಳ್ಳದ ದೂರು, ಇವುಗಳನ್ನು ಬರೆದವರ ಹೆಸರೇ ಲೋಕದ ಕೊನೆಯವರೆಗೆ ಮುಟ್ಟಿತು. ‘ಬರೇ ಲೋಕಲ್’ ಎನ್ನುವ ನಮ್ಮ ಹುಡುಗಿಯರು ಇದನ್ನು ಚೆನ್ನಾಗಿ ಮನನ ಮಾಡಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಊರಿನ ಪತ್ರಿಕೆಗಳೆಲ್ಲ ನಿರ್ದೋಷಿಗಳೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಹತ್ತಿರವಿರುವುದರಿಂದಲೇ ಹುಟ್ಟುವ ದೋಷಗಳು ಅವುಗಳಿಗುಂಟು. ಊರಿನ ಧನಿಕನು ಜಾಹೀರಾತು ಕೊಡುವವನೂ ಆಗಿದ್ದರೆ ಅವನ ಅಕ್ರಮವನ್ನು ಬರೆಯುವ ಕೈ ನಡುಗುತ್ತದೆ. ಮುಖಂಡರ ಹುಟ್ಟುಹಬ್ಬಕ್ಕೆ ಪುಟಗಟ್ಟಲೆ ಸ್ತುತಿ ಬರುತ್ತದೆ. ಇದಕ್ಕಿಂತ ನಮ್ಮನ್ನು ನೋಯಿಸುವ ದೋಷವು ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗಿಯು ಮನೆಯವರೊಡನೆ ಮುನಿಸಿಕೊಂಡು ಹೇಳದೆ ತನ್ನ ಅತ್ತೆಯ ಮನೆಗೆ ಹೋಗಿ ಎರಡು ದಿನ ಇದ್ದಳು. ಅಷ್ಟರಲ್ಲಿ ಒಂದು ಪತ್ರಿಕೆಯು ಅವಳು ಯಾರೊಡನೆಯೋ ಓಡಿಹೋದಳೆಂದು, ಊರು, ತರಗತಿ, ತಂದೆಯ ಕಸುಬು ಎಲ್ಲವನ್ನೂ ಸೇರಿಸಿ ಬರೆಯಿತು. ಹೆಸರೊಂದನ್ನು ಬಿಟ್ಟರೇನು, ಊರಿಗೆಲ್ಲ ತಿಳಿಯಿತು. ಆ ಮಗು ಒಂದು ತಿಂಗಳು ಶಾಲೆಗೆ ಬರಲಿಲ್ಲ. ನಾವೂ ಅವಳ ತಂದೆಯೂ ಆ ಪತ್ರಿಕೆಯ ಕಚೇರಿಗೆ ನಡೆದುಹೋಗಿ ಕೇಳಿದೆವು. ಮೂರನೆಯ ದಿನ ತಿದ್ದುಪಡಿಯು ಅಚ್ಚಾಯಿತು. ಬಹಳ ಸಣ್ಣ ಅಕ್ಷರಗಳಲ್ಲಿ. ಆ ವಾರದ ಕೊನೆಗೆ ಬಾತ್ಮೀದಾರನೇ ಅವರ ಮನೆಗೆ ಹೋಗಿ ಕ್ಷಮೆ ಬೇಡಿದನು. ಆದ ಗಾಯವು ಅದರಿಂದ ಪೂರ್ತಿಯಾಗಿ ಮಾಯಲಿಲ್ಲ. ಆದರೂ ನಮಗೆ ತಟ್ಟಲು ಒಂದು ಬಾಗಿಲಿತ್ತು.

ದೂರದ ತಪ್ಪಿಗೆ ಬಾಗಿಲೆಲ್ಲಿ? 2016ನೆಯ ನವೆಂಬರಿನಲ್ಲಿ ಹೊಸ 2000 ರೂಪಾಯಿಯ ನೋಟುಗಳು ಬಂದಾಗ, ಅವುಗಳೊಳಗೆ ಹುದುಗಿಸಿದ ಒಂದು ಸೂಕ್ಷ್ಮ ಯಂತ್ರವು ನೆಲದಡಿಯಿಂದಲೂ ಸುಳಿವು ಕೊಡುತ್ತದೆಂದು ಕೆಲವು ವಾಹಿನಿಗಳವರು ಗಂಭೀರವಾಗಿ ವರ್ಣಿಸಿದರು. ಅದು ಸುಳ್ಳೆಂದು ಬೇಗನೆ ತಿಳಿದುಬಂತು. ಆದರೆ ಹಾಗೆ ಹೇಳಿದವರನ್ನು ನಮ್ಮ ಊರಿನಿಂದ ಯಾರು ಹೋಗಿ ಕೇಳಬಲ್ಲರು? ಕಾಸು ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರವನ್ನು ಅಚ್ಚುಹಾಕುವ ರೋಗವು ಹರಡಿರುವುದನ್ನು 2009ರ ಚುನಾವಣೆಗಳ ತರುವಾಯ ಭಾರತದ ಪತ್ರಿಕಾ ಮಂಡಳಿಯೇ ವಿಚಾರಿಸಬೇಕಾಯಿತು. ಆ ರೋಗಕ್ಕೆ ದೊಡ್ಡ ಪತ್ರಿಕೆ, ಸಣ್ಣ ಪತ್ರಿಕೆ ಎಂಬ ಭೇದವಿರಲಿಲ್ಲ.

ಹಾಗೆಯೇ ದೇಶದ ಪತ್ರಿಕೆಗಳ ಉಪಕಾರವನ್ನು ಮರೆತರೆ ನಾವು ಕೃತಘ್ನರಾಗುವೆವು. ಊರಿನವರೆಲ್ಲ ಬಾಯಿ ಮುಚ್ಚಿಕೊಂಡಾಗ ಹೊರಗಿನವನು ಬಂದು ಸತ್ಯ ಹೇಳಬೇಕಾಗುತ್ತದೆ. ಬಿಹಾರದ ಭಾಗಲಪುರದಲ್ಲಿ ವಿಚಾರಣೆಗಾಗಿ ಹಿಡಿದಿಟ್ಟಿದ್ದ ಮೂವತ್ತಕ್ಕೂ ಹೆಚ್ಚು ಮಂದಿಯ ಕಣ್ಣುಗಳನ್ನು ಪೊಲೀಸರು ಚುಚ್ಚಿ ಆಮ್ಲವನ್ನೆರೆದು ಕುರುಡುಗೊಳಿಸಿದ ಘೋರವನ್ನು 1980ರಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯ ಅರುಣ್ ಸಿನ್ಹಾ ಅವರು ದೇಶಕ್ಕೆ ತಿಳಿಸಿದರು. ಊರಿನಲ್ಲಿ ಅನೇಕರು ಅದನ್ನು ದುಷ್ಟರಿಗೆ ತಕ್ಕ ಶಿಕ್ಷೆಯೆಂದು ಒಪ್ಪಿಕೊಂಡಿದ್ದರು! ದೊಡ್ಡ ಪತ್ರಿಕೆಯು ಅದನ್ನು ಎತ್ತಿಹಿಡಿದದ್ದರಿಂದಲೇ ಪಾರ್ಲಿಮೆಂಟೂ ಸುಪ್ರೀಮ್ ಕೋರ್ಟೂ ಆ ಕಡೆ ಕಣ್ಣು ತೆರೆಯುವಂತಾಯಿತು. 2001ರಲ್ಲಿ ಗುಜರಾತಿನ ಭೂಕಂಪಕ್ಕೂ 2004ರಲ್ಲಿ ಸುನಾಮಿಗೂ ಸಿಕ್ಕಿದವರಿಗಾಗಿ ಈ ದೇಶದ ಎಷ್ಟೋ ಶಾಲೆಗಳ ಮಕ್ಕಳು ತಮ್ಮ ಬಿಡಿಕಾಸುಗಳನ್ನು ಕೊಟ್ಟದ್ದು ದೇಶದ ವರ್ತಮಾನವನ್ನು ಕೇಳಿದ್ದರಿಂದಲೇ ಅಲ್ಲವೇ? ಊರಿನ ಸುದ್ದಿಯನ್ನಷ್ಟೇ ಬಲ್ಲವಳು ಬಾವಿಯ ಕಪ್ಪೆಯಾಗುವಳು. ದೇಶದ ಸುದ್ದಿಯನ್ನಷ್ಟೇ ಬಲ್ಲವಳಾದರೋ ದೂರದ ಬೆಟ್ಟವನ್ನೇ ನೋಡುತ್ತ ನಡೆದು, ಕಾಲಬುಡದ ಹಳ್ಳಕ್ಕೆ ಬೀಳುವಳು.

ಊರ ಸುದ್ದಿಯು ಮೊಬೈಲಿನಲ್ಲಿ ಬರುತ್ತದಲ್ಲಾ ಎಂಬ ಮಾತಿಗೂ ಉತ್ತರ ಹೇಳಬೇಕು. ಮೊಬೈಲಿನಲ್ಲಿ ಬರುವುದರಲ್ಲಿ ಸುದ್ದಿಯೂ ಉಂಟು, ಗಾಳಿಮಾತೂ ಉಂಟು. ಕೆಳಗೆ ಯಾರ ರುಜುವೂ ಇಲ್ಲದ್ದೇ ಹೆಚ್ಚು. 2018ನೆಯ ಜುಲೈ ತಿಂಗಳಲ್ಲಿ ನಮ್ಮ ಬೀದರ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಗಾಳಿಮಾತನ್ನು ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದವರ ಮೇಲೆ ಬಿದ್ದು ಒಬ್ಬ ತರುಣನನ್ನು ಹೊಡೆದು ಕೊಂದಿತು. ಆ ತರುಣರು ಮಕ್ಕಳಿಗೆ ಮಿಠಾಯಿ ಕೊಟ್ಟದ್ದೇ ಅಪರಾಧವಾಯಿತು. ಹೋಗಿ ನೋಡಿ, ವಿಚಾರಿಸಿ, ತನ್ನ ಹೆಸರಿನ ಹೊಣೆಯ ಮೇಲೆ ಬರೆಯುವವನೊಬ್ಬನು ಊರಿನಲ್ಲಿ ಇಲ್ಲದೆ ಹೋದರೆ ಆ ಸ್ಥಳವು ಬರಿದಾಗಿ ಉಳಿಯುವುದಿಲ್ಲ. ಗಾಳಿಮಾತು ಬಂದು ಅಲ್ಲಿ ಕುಳಿತುಕೊಳ್ಳುತ್ತದೆ. 2020ರ ಮಹಾಮಾರಿಯ ಕಾಲದಿಂದ ಅನೇಕ ಪತ್ರಿಕೆಗಳು ಪುಟಗಳನ್ನು ಕಡಿಮೆ ಮಾಡಿದವು, ಊರೂರಿನ ಬಾತ್ಮೀದಾರರನ್ನು ಬಿಟ್ಟವು. ಹೀಗಿರಲಾಗಿ ಉಳಿದಿರುವ ಒಂದೆರಡರ ಚಂದಾವನ್ನು ಶಾಲೆಗಳೇ ನಿಲ್ಲಿಸುವುದು ಯಾವ ವಿವೇಕ?

ಹೆಣ್ಣುಮಕ್ಕಳ ಶಾಲೆಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟೆಂದು ನಮ್ಮ ದೃಢವಾದ ನಂಬಿಕೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿಯಿಂದ ಗ್ರಾಮ ಪಂಚಾಯತಿಗಳಲ್ಲಿ ಮೂರನೆಯ ಒಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ನಮ್ಮ ಕರ್ನಾಟಕದಲ್ಲಿ 2010ರಲ್ಲಿ ಅದನ್ನು ಅರ್ಧ ಪಾಲಿಗೆ ಏರಿಸಲಾಯಿತು. ನಮ್ಮ ಬೆಂಚುಗಳ ಮೇಲೆ ಇಂದು ಕುಳಿತಿರುವ ಹುಡುಗಿಯರಲ್ಲಿ ಪಾರ್ಲಿಮೆಂಟಿಗೆ ಹೋಗುವವಳು ಒಬ್ಬಳಿದ್ದರೂ ಇರಬಹುದು. ಆದರೆ ಪಂಚಾಯತಿಯಲ್ಲಿ ಕುಳಿತು ನೀರು, ದಾರಿ, ದೀಪ, ಶೌಚಾಲಯಗಳ ವಿಚಾರವನ್ನು ತೀರ್ಮಾನಿಸಬೇಕಾದವರು ಹಲವರಿರುವುದು ಖಂಡಿತ. ಹೆಸರಿಗೆ ಮಾತ್ರ ಹೆಂಡತಿ ಸದಸ್ಯಳಾಗಿದ್ದು ಗಂಡನು ಅಧಿಕಾರ ನಡೆಸುವ ಅವಸ್ಥೆಯನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ತನ್ನ ಊರಿನ ವರ್ತಮಾನವನ್ನು ಓದಿ, ಪರೀಕ್ಷಿಸಿ, ಪ್ರಶ್ನೆ ಕೇಳುವ ಅಭ್ಯಾಸವು ಹುಡುಗಿಗೆ ಶಾಲೆಯಲ್ಲಿಯೇ ಬಾರದಿದ್ದರೆ ಆ ಕುರ್ಚಿಯಲ್ಲಿ ಕುಳಿತ ದಿನ ಅವಳಿಗೆ ಯಾರು ಕಲಿಸುವರು? ಮನೆ ಗೆದ್ದು ಮಾರು ಗೆಲ್ಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೋರಿಯ ಸಂಗತಿಯು ಏನಾಯಿತೆಂದು ವಾಚಕರು ಕೇಳಬಹುದು. ಆ ದಿನ ನಾವು ಒಂಬತ್ತನೆಯ ತರಗತಿಯವರಿಗೆ ಆ ಏಳೆಂಟು ಸಾಲುಗಳನ್ನೇ ಪಾಠವಾಗಿ ಕೊಟ್ಟೆವು. ಬರೆದದ್ದರಲ್ಲಿ ಎಷ್ಟು ನಿಜವೆಂದು ಕಂಡುಬನ್ನಿರೆಂದು ಹೇಳಿದೆವು. ಹುಡುಗಿಯರು ಒಬ್ಬ ಉಪಾಧ್ಯಾಯಿನಿಯವರೊಡನೆ ಹೋಗಿ ನೋಡಿದರು. ಆಚೆಯ ಮನೆಗಳವರನ್ನು ವಿಚಾರಿಸಿದರು. ಹಾಜರಿ ಪುಸ್ತಕವನ್ನು ಎಣಿಸಿದರು. ಮೋರಿಯು ಪತ್ರಿಕೆಯಲ್ಲಿ ಹೇಳಿದ್ದಕ್ಕಿಂತ ಒಂದು ರಾತ್ರಿ ಮೊದಲೇ ಕುಸಿದಿತ್ತು. ಶಾಲೆಗೆ ಬರಲಾರದ ಮಕ್ಕಳು ಹನ್ನೆರಡು ಎಂದು ಬರೆದಿತ್ತು. ನಮ್ಮ ಶಾಲೆಯವರೇ ಇಪ್ಪತ್ತಾರು ಮಂದಿ. ಅವರು ಅದನ್ನೆಲ್ಲ ಸಂಪಾದಕರಿಗೆ ಒಂದು ಪತ್ರವಾಗಿ ಬರೆದರು, ಅದು ಅಚ್ಚಾಯಿತು. ಮೂರನೆಯ ವಾರದಲ್ಲಿ ನಡೆದು ದಾಟಲು ಮರದ ಹಲಗೆಗಳ ಒಂದು ಸಂಕವನ್ನು ಹಾಕಿಸಿದರು. ಅದು ಆ ಪತ್ರದ ಫಲವೇ ಎಂದು ನಾವು ಹೇಳಲಾರೆವು. ಊರಿನ ಹಿರಿಯರೂ ಕಚೇರಿಗೆ ಅಲೆದಿದ್ದರು. ಹೊಸ ಮೋರಿಯು ಈ ಸಾಲುಗಳನ್ನು ಬರೆಯುವವರೆಗೂ ಆಗಿಲ್ಲ. ಆದರೆ ಆ ಹುಡುಗಿಯರು ಈಗ ದೇಶದ ಪತ್ರಿಕೆಯನ್ನು ಓದುವಾಗಲೂ, “ಇದನ್ನು ಕಂಡವರು ಯಾರು? ಎಣಿಸಿದವರು ಯಾರು?” ಎಂದು ಕೇಳುತ್ತಾರೆ. ಕಣ್ಣಿಗೆ ಕಾಣುವ ಸುದ್ದಿಯಲ್ಲಿ ಸತ್ಯಾಸತ್ಯವನ್ನು ತೂಗಲು ಕಲಿತವಳೇ ಕಾಣದ ಸುದ್ದಿಯನ್ನೂ ತೂಗಬಲ್ಲಳೆಂಬುದು ನಮಗೆ ಅನುಭವದಿಂದ ತಿಳಿಯಿತು.

ಅಂದಿನಿಂದ ಬೆಳಗಿನ ವಾಚನಕ್ಕೆ ಒಂದು ನಿಯಮವನ್ನು ಮಾಡಿದ್ದೇವೆ. ಲೋಕದ ಅಥವಾ ದೇಶದ ವರ್ತಮಾನವೊಂದು, ನಾಡಿನದೊಂದು, ಊರಿನದೊಂದು; ಊರಿನದನ್ನು ಓದುವವಳು ಅದನ್ನು ಯಾರನ್ನಾದರೂ ಕೇಳಿ ನಿಶ್ಚಯಮಾಡಿಕೊಂಡು ಬಂದಿರಬೇಕು. ಆಡಳಿತ ಸಮಿತಿಯವರ ಮುಂದೆಯೂ ನಮ್ಮ ಅಭಿಪ್ರಾಯವನ್ನು ವಿನಯದಿಂದ ತಿಳಿಸಿದ್ದೇವೆ. ಎರಡು ಪತ್ರಿಕೆಗಳೂ ಇರಲಿ. ಖರ್ಚನ್ನು ಉಳಿಸಲೇಬೇಕಾದರೆ ಬೇರೆ ಕಡೆ ಉಳಿಸೋಣ. ಈ ವರ್ಷದ ಮಟ್ಟಿಗೆ ಅವರು ಒಪ್ಪಿದ್ದಾರೆ. ಬರುವ ವರ್ಷದ ಮಾತು ಇನ್ನೂ ನಿಶ್ಚಯವಾಗಿಲ್ಲ. ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸಂಚಿಕೆಯನ್ನು ಓದುವರೆಂದು ಬಲ್ಲೆವು. ತಾವು ಬಿಟ್ಟುಹೋದ ಊರಿನ ಸುದ್ದಿಗಾಗಿ ಅವರ ಮನಸ್ಸು ಎಷ್ಟು ಹಂಬಲಿಸುತ್ತದೆಂಬುದು ಅವರ ಕಾಗದಗಳಿಂದ ನಮಗೆ ಗೊತ್ತು. ಒಬ್ಬೊಬ್ಬರು ಒಂದೊಂದು ವರ್ಷದ ಚಂದಾವನ್ನು ವಹಿಸಿಕೊಂಡರೆ ಈ ವಾಚನಾಲಯದ ಮೇಜಿನ ಮೇಲೆ ಊರ ಪತ್ರಿಕೆಯು ಎಂದಿಗೂ ತಪ್ಪದು.

ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನ ಸಾಮ್ಯವನ್ನು ನಮ್ಮ ಮಕ್ಕಳು ಚಿಕ್ಕಂದಿನಿಂದಲೇ ಕೇಳಿ ಬಲ್ಲರು. ಸ್ವಜನರಿಬ್ಬರು ಅವನನ್ನು ಕಂಡೂ ಕಾಣದವರಂತೆ ದಾಟಿಹೋದರು. ಪರದೇಶದ ಸಮಾರ್ಯದವನು ನಿಂತು ಗಾಯ ಕಟ್ಟಿದನು. ನೆರೆಯವನು ಯಾರೆಂಬ ಪ್ರಶ್ನೆಗೆ ಅದೇ ಉತ್ತರವಾಯಿತು. ದೇಶದ ಪತ್ರಿಕೆಯೇ ಆಗಲಿ ಊರಿನ ಪತ್ರಿಕೆಯೇ ಆಗಲಿ, ಬಿದ್ದವನ ಬಳಿ ನಿಂತು ನೋಡಿದ್ದನ್ನು ನಿಜವಾಗಿ ಹೇಳುವಷ್ಟು ಹೊತ್ತು ಅದು ನಮ್ಮ ನೆರೆಯದೇ. ಓದುವವರಾದ ನಾವೂ ದಾಟಿಹೋಗದೆ ನಿಲ್ಲುವುದನ್ನು ಕಲಿಯೋಣ. ನಾಳೆ ಬೆಳಗ್ಗೆ ಹಿಂದಿನ ಸಾಲುಗಳು ಬರಿದಾಗಿದ್ದರೆ ಅದು ಯಾಕೆಂದು ಮೊದಲು ಕೇಳುವವಳು ನಮ್ಮ ಶಾಲೆಯ ಹುಡುಗಿಯಾಗಿರಲಿ ಎಂಬುದೇ ನಮ್ಮ ಪ್ರಾರ್ಥನೆ.